ಗಂಟು ನೋವಿನ ಕೈಗೂ ಒಂದು ಕುಂಡ: ದೀರ್ಘಕಾಲದ ಕಾಯಿಲೆ ಇರುವವರಿಗೆ ಗ್ಯಾಲರಿ ತೋಟದ ಮಾರ್ಗದರ್ಶಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮನೆ ಮೂರನೇ ಮಾಳಿಗೆಯಲ್ಲಿದೆ. ಗ್ಯಾಲರಿ, ಅಂದರೆ ಬಾಲ್ಕನಿ, 9 ಅಡಿ ಉದ್ದ, ಮೂರೂವರೆ ಅಡಿ ಅಗಲ. ಅದರಲ್ಲೇ ವಾಷಿಂಗ್ ಮೆಷಿನ್, ಬಟ್ಟೆ ಒಣಹಾಕುವ ಹಗ್ಗ, ಉಳಿದ ಜಾಗದಲ್ಲಿ 11 ಕುಂಡ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಊರಿನಲ್ಲಿ ಆಮವಾತ ಅನ್ನುತ್ತಾರಲ್ಲ ಅದು, ಶುರುವಾಗಿ ಹನ್ನೊಂದು ವರ್ಷ ಆಯಿತು. ಅತ್ತೆಗೆ ಸಕ್ಕರೆ ಕಾಯಿಲೆ, ಅದಕ್ಕೆ ಇಪ್ಪತ್ತು ದಾಟಿದೆ. ಈ ತೋಟ ನೋಡಿಕೊಳ್ಳುವವರು ನಾವಿಬ್ಬರೇ. ಮಣ್ಣಿನ ಚೀಲ ಹೊತ್ತು ತರುವುದು ಮಾತ್ರ ನಮ್ಮ ಯಜಮಾನರ ಕೆಲಸ.

ಮೊದಲ ಸಲ ನಾನು ತಪ್ಪು ಮಾಡಿದೆ. ಒಂದು ಭಾನುವಾರ ಉತ್ಸಾಹದಲ್ಲಿ 14 ಸಸಿ ತಂದು, ಅದೇ ದಿನ ಎಲ್ಲವನ್ನೂ ಕುಂಡಕ್ಕೆ ಹಾಕಿದೆ. ಮಾರನೇ ದಿನ ಬೆರಳು ಎಷ್ಟು ಊದಿಕೊಂಡಿತ್ತು ಅಂದರೆ ಚಹಾದ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯಬೇಕಾಯಿತು. ನಾಲ್ಕು ದಿನ ಜಡೆ ಹಾಕಿಕೊಳ್ಳಲೂ ಆಗಲಿಲ್ಲ. ಗಿಡಗಳಿಗೆ ಯಾರೂ ನೀರು ಹಾಕಲಿಲ್ಲ, ಒಂಬತ್ತು ಸತ್ತವು. ದೇಹಕ್ಕೆ ಹೊಂದುವ ಹಾಗೆ ತೋಟ ಕಟ್ಟಬೇಕು, ತೋಟಕ್ಕೆ ಹೊಂದುವ ಹಾಗೆ ದೇಹವನ್ನು ಬಗ್ಗಿಸಲು ಹೋಗಬಾರದು ಅಂತ ನನಗೆ ಗೊತ್ತಾದದ್ದು ಆಗ. ಕೆಳಗೆ ಬರೆದ ಹಂತಗಳೆಲ್ಲ ಆಮೇಲೆ ಕಲಿತದ್ದು.

ಇದರಿಂದ ನಿಜವಾಗಿ ಏನು ಉಪಯೋಗ?

ಮೊದಲೇ ಹೇಳಿಬಿಡುತ್ತೇನೆ, ಗಿಡ ನೆಟ್ಟರೆ ಕಾಯಿಲೆ ಹೋಗುವುದಿಲ್ಲ. ಆಮವಾತಕ್ಕೆ ನಾನು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಗಿಡ ಬಿಡಿಸಿಲ್ಲ, ಬಿಡಿಸುವುದೂ ಇಲ್ಲ. ಆದರೆ ಮಾತ್ರೆ ಮಾಡದ ಕೆಲವು ಕೆಲಸ ಇದೆ.

ಒಂದು, ಚಲನೆ. ದೀರ್ಘಕಾಲದ ಕಾಯಿಲೆ ಇರುವವರೂ ಸಾಧ್ಯವಾದರೆ ವಾರಕ್ಕೆ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅಷ್ಟು ಆಗದಿದ್ದರೆ ಆಗುವಷ್ಟು, ಏನೂ ಮಾಡದೆ ಇರುವುದಕ್ಕಿಂತ ಅದು ವಾಸಿ ಅಂತಲೂ ಅದರಲ್ಲಿದೆ. ವ್ಯಾಯಾಮ ಮಾಡಿ ಅಂದರೆ ನಮ್ಮಂಥವರಿಗೆ ಭಯ ಆಗುತ್ತದೆ. ಅದೇ ಬಸಳೆ ಬಳ್ಳಿಯನ್ನು ಹಗ್ಗಕ್ಕೆ ಸುತ್ತುವಾಗ ಭುಜ ಮೇಲೆ ಹೋಗುತ್ತದೆ, ಬೆರಳು ಮಡಚುತ್ತದೆ, ತೆರೆಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಎರಡು, ಮನಸ್ಸಿನ ಒತ್ತಡ. ನೆದರ್ಲೆಂಡ್ಸ್‌ನಲ್ಲಿ 30 ಜನರ ಮೇಲೆ ನಡೆದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮೊದಲು ತಲೆ ಬಿಸಿಯಾಗುವ ಕೆಲಸ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರನ್ನು ತೋಟದ ಕೆಲಸಕ್ಕೆ, ಉಳಿದವರನ್ನು ಒಳಗೆ ಕೂತು ಓದುವುದಕ್ಕೆ ಬಿಟ್ಟರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎರಡೂ ಗುಂಪಿನಲ್ಲಿ ಇಳಿಯಿತು, ತೋಟದವರಲ್ಲಿ ಜಾಸ್ತಿ ಇಳಿಯಿತು. ಇನ್ನೂ ಹಳೆಯ ಅಧ್ಯಯನ ರೋಜರ್ ಉಲ್ರಿಕ್ ಎಂಬ ಸಂಶೋಧಕ 1984ರಲ್ಲಿ ಬರೆದದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ನೋಡಿದಾಗ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರು ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಎರಡೂ ಸಣ್ಣ ಅಧ್ಯಯನಗಳೇ. ಆದರೂ ಓದಿದಾಗ ನನ್ನ ಅನುಭವವನ್ನೇ ಯಾರೋ ಅಳತೆ ಮಾಡಿ ಬರೆದ ಹಾಗೆ ಅನ್ನಿಸಿತು.

ಮೂರನೆಯದನ್ನು ಯಾವ ಅಧ್ಯಯನವೂ ನನಗೆ ಹೇಳಿಕೊಡಲಿಲ್ಲ. ಕಾಯಿಲೆ ಬಿದ್ದ ಮೇಲೆ ಎಲ್ಲರೂ ನಮ್ಮನ್ನು ನೋಡಿಕೊಳ್ಳುತ್ತಾರೆ. ಊಟ ಆಯ್ತಾ, ಮಾತ್ರೆ ಆಯ್ತಾ, ಎದ್ದೇಳಬೇಡ, ಕೂತಿರು. ಪ್ರೀತಿಯೇ ಅದು, ಆದರೆ ದಿನಾ ಬರೀ ಪಡೆಯುವವರಾಗಿ ಇರುವುದು ಕಷ್ಟ. ಗಿಡ ಬಂದ ಮೇಲೆ ನಾವು ನೋಡಿಕೊಳ್ಳುವ ಒಂದು ಜೀವ ಮನೆಯಲ್ಲಿರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಮನಸ್ಸಾಗದ ದಿನವೂ ಅತ್ತೆ ಒಳಗೆ ಬಂದು "ಏ, ನಿನ್ನ ಬಸಳೆ ಬಾಡಿದೆ ನೋಡು" ಅಂದರೆ ನಾನು ಎದ್ದುಬಿಡುತ್ತೇನೆ.

ಹಂತ 1: ಡಾಕ್ಟರ್ ಹತ್ತಿರ ಈ ಪ್ರಶ್ನೆಗಳನ್ನು ಕೇಳಿ

"ತೋಟ ಮಾಡಬಹುದಾ?" ಅಂತ ಕೇಳಿದರೆ ಯಾರಾದರೂ "ಮಾಡಿ, ಒಳ್ಳೆಯದು" ಅಂತಲೇ ಹೇಳುತ್ತಾರೆ. ಬಿಡಿಸಿ ಕೇಳಬೇಕು.

ಸಕ್ಕರೆ ಕಾಯಿಲೆ ಇದ್ದರೆ ಕಾಲಿನ ಸ್ಪರ್ಶ ಸರಿಯಿದೆಯಾ ಅಂತ ಪರೀಕ್ಷೆ ಮಾಡಿಸಿ. ನಮ್ಮ ಅತ್ತೆ ಬರಿಗಾಲಲ್ಲಿ ಗ್ಯಾಲರಿಗೆ ಹೋಗಿ ಒಡೆದ ಕುಂಡದ ಚೂರು ತುಳಿದಿದ್ದರು. ಅವರಿಗೆ ಗೊತ್ತೇ ಆಗಲಿಲ್ಲ. ನೆಲದ ಮೇಲೆ ರಕ್ತದ ಗುರುತು ನೋಡಿದ್ದು ನಾನು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಈಗ ಬಾಗಿಲ ಹತ್ತಿರವೇ ಮುಂಭಾಗ ಮುಚ್ಚಿದ ಚಪ್ಪಲಿ ಇಟ್ಟಿದ್ದೇವೆ, ಕೆಲಸ ಮುಗಿದ ಮೇಲೆ ಅಂಗಾಲು ನೋಡುವುದೂ ರೂಢಿಯಾಗಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಇಳಿಯಬಾರದು. ಬೆವರು, ಕೈ ನಡುಕ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಸಕ್ಕರೆಯೋ ಗ್ಲುಕೋಸೋ ಕೈಗೆ ಸಿಗುವ ಹಾಗೆ ಇರಲಿ.

ನನ್ನ ಹಾಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಮಣ್ಣಿನ ಸೋಂಕಿನ ವಿಷಯ ಮುಖ್ಯ. ಕೈಗವಸು ಬೇಕೇ ಬೇಕು. ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೇಳಿಕೊಳ್ಳಿ, ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಬೇಕಾಗುತ್ತದೆ. ಗುಲಾಬಿ ಮುಳ್ಳು ಚುಚ್ಚಿ ಚರ್ಮಕ್ಕೆ ಶಿಲೀಂಧ್ರದ ಸೋಂಕು ಬರುವುದುಂಟು, ಅದಕ್ಕೇ ನಾನು ಗುಲಾಬಿ ಆಸೆ ಬಿಟ್ಟು ಅಬೋಲಿ ಬೆಳೆಸಿದ್ದೇನೆ. ಅದೇ ನಮ್ಮ ಕನಕಾಂಬರ.

ಹೃದಯದ ತೊಂದರೆ, ಬಿಪಿ ಇರುವವರು ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಕೆಲವು ಬಿಪಿ ಮಾತ್ರೆಗಳಿಂದ ಕೂತು ಎದ್ದಾಗ ತಲೆ ಸುತ್ತುತ್ತದೆ, ಆದ್ದರಿಂದ ನಿಧಾನಕ್ಕೆ, ಏನನ್ನಾದರೂ ಹಿಡಿದುಕೊಂಡು ಏಳಿ. ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ, ಇದ್ದರೆ ಬಿಸಿಲೇ ಕಾಯಿಲೆಯನ್ನು ಕೆರಳಿಸುತ್ತದೆ, ಸಂಜೆ ಹೊತ್ತು ಆರಿಸಿಕೊಳ್ಳಿ. ಅಸ್ತಮಾ ಇದ್ದರೆ ಕೊಳೆತ ಎಲೆಯ ರಾಶಿ, ಒಣ ಗೊಬ್ಬರದ ಧೂಳು ಎರಡರಿಂದಲೂ ದೂರ ಇರಿ.

ಹಂತ 2: ಒಂದು ವಾರ ಏನೂ ನೆಡಬೇಡಿ, ಸುಮ್ನೆ ಬರೆದಿಡಿ

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ಎರಡು ವಿಷಯ ಬರೆಯಿರಿ: ನಿಮ್ಮ ದೇಹ ಯಾವ ಹೊತ್ತಿನಲ್ಲಿ ಚೆನ್ನಾಗಿರುತ್ತದೆ, ಗ್ಯಾಲರಿಗೆ ಅಥವಾ ಕಿಟಕಿಗೆ ಬಿಸಿಲು ಎಷ್ಟರಿಂದ ಎಷ್ಟರವರೆಗೆ ಬೀಳುತ್ತದೆ. ನನಗೆ ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಜಾಸ್ತಿ ಹೊತ್ತು ಕೈ ಬಿಗಿದುಕೊಂಡಿರುತ್ತದೆ. ಹಾಗಾಗಿ "ಬೆಳಗಿನ ಜಾವವೇ ತೋಟಕ್ಕೆ ಒಳ್ಳೆಯ ಹೊತ್ತು" ಅನ್ನುವ ಮಾತು ನನಗೆ ಹೊಂದುವುದಿಲ್ಲ. ಪಾತ್ರೆ ತೊಳೆಯುವ ಮೊದಲು ಬಿಸಿ ನೀರಲ್ಲಿ ಕೈ ಅದ್ದಿಕೊಂಡು, ಒಂಬತ್ತೂವರೆಗೆ ಹೋಗುತ್ತೇನೆ. ನಮ್ಮದು ಪಶ್ಚಿಮದ ಗ್ಯಾಲರಿ, ಆ ಹೊತ್ತಿಗೆ ಅಲ್ಲಿ ನೆರಳು. ನಿಮ್ಮ ಒಳ್ಳೆಯ ಹೊತ್ತು ಸಂಜೆ ಆರಾದರೆ ಆರೇ ಸರಿ.

ಹಂತ 3: ಎತ್ತರ ಮತ್ತು ಭಾರ

ಇದರಲ್ಲಿ ಅವಸರ ಮಾಡಬೇಡಿ, ಇಡೀ ತೋಟ ನಿಂತಿರುವುದು ಇದರ ಮೇಲೆ. ನೆಲದ ಮೇಲಿನ ಕುಂಡಕ್ಕೆ ದಿನಾ ಬಗ್ಗಿದರೆ ಸೊಂಟ, ಮಂಡಿ ಎರಡೂ ಹೋಗುತ್ತವೆ. ನಿಂತು ಕೆಲಸ ಮಾಡುವವರಾದರೆ ಕುಂಡದ ಬಾಯಿ ಮೊಣಕೈಗಿಂತ ಒಂದು ಗೇಣು ಕೆಳಗೆ ಬರಲಿ. ಕೂತು ಮಾಡುವವರಿಗೆ ಮಂಡಿ ಒಳಗೆ ಹೋಗುವಂಥ ಮೇಜು ಬೇಕು. ನಮ್ಮ ಮನೆಯಲ್ಲಿ ಅತ್ತೆಯ ಹಳೇ ಹೊಲಿಗೆ ಮೆಷಿನ್ ಇತ್ತು. ಮೆಷಿನ್ ಹಾಳಾಗಿತ್ತು, ಕಬ್ಬಿಣದ ಸ್ಟ್ಯಾಂಡ್ ಮಾತ್ರ ಗಟ್ಟಿ. ಅದರ ಮೇಲೆ ಒಂದು ಹಲಗೆ ಹಾಕಿ ಕುಂಡ ಇಟ್ಟೆವು. ನಲವತ್ತು ವರ್ಷ ಅದೇ ಎತ್ತರದಲ್ಲಿ ಕೂತು ಹೊಲಿದವರು, ಈಗ ಅದೇ ಜಾಗದಲ್ಲಿ ಕೂತು ಮೆಂತ್ಯ ಬಿತ್ತುತ್ತಾರೆ. ಕಾಲು ಅಭ್ಯಾಸಬಲದಿಂದ ಪೆಡಲ್ ಮೇಲೇ ಹೋಗುತ್ತದೆ.

ಈಗ ಭಾರ. 12 ಇಂಚಿನ ಕುಂಡಕ್ಕೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 25 ಕಿಲೋ ಹತ್ತಿರ ಆಗುತ್ತದೆ. ನೋವಿರುವ ಕೈಗೆ ಅದನ್ನು ಸರಿಸಲೂ ಆಗದು. ಹಳೇ ಕಟ್ಟಡದ ಗ್ಯಾಲರಿ ಹೊರಗೆ ಚಾಚಿಕೊಂಡಿರುತ್ತದೆ, ಅಲ್ಲಿ ಹತ್ತಾರು ದೊಡ್ಡ ಕುಂಡ ಇಡುವುದು ಅಪಾಯ. 8 ಇಂಚಿನ ಪ್ಲಾಸ್ಟಿಕ್ ಕುಂಡ ಅಥವಾ ಗ್ರೋ ಬ್ಯಾಗ್ ಸಾಕು. ದೊಡ್ಡದು ಬೇಕೇ ಬೇಕು ಅಂದರೆ ಚಕ್ರದ ಸ್ಟ್ಯಾಂಡ್ ಮೇಲಿಡಿ. ಕಟ್ಟೆಯ ಮೇಲೆ, ಗ್ರಿಲ್‌ನ ಹೊರಗೆ ಏನನ್ನೂ ಇಡಬೇಡಿ, ಕೆಳಗೆ ಮಕ್ಕಳು ಓಡಾಡುತ್ತಾರೆ. ಸೊಸೈಟಿ ಸೆಕ್ರೆಟರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ನೀರು ಸೋರಿದಾಗ ಜಗಳ ಆಗುವುದಿಲ್ಲ.

ಹಂತ 4: ಕೈಗೆ ಹೊಂದುವ ಸಾಮಾನು

ತೆಳ್ಳನೆಯ ಹಿಡಿಯನ್ನು ಬಿಗಿಯಾಗಿ ಹಿಡಿಯುವುದೇ ಬೆರಳ ಗಂಟಿಗೆ ಶತ್ರು. ಎಸಿ ರಿಪೇರಿ ಅಂಗಡಿಯಲ್ಲಿ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಸಿಗುತ್ತದೆ. ಒಂದು ಅಡಿ ಕೇಳಿ ತನ್ನಿ, ತುಂಡು ಮಾಡಿ ಸಲಿಕೆಯ ಹಿಡಿಗೆ ತೂರಿಸಿ, ಮೇಲೆ ಟೇಪ್ ಸುತ್ತಿ. ಹಿಡಿ ದಪ್ಪ ಆದಷ್ಟೂ ಕೈ ಸಡಿಲವಾಗಿ ಹಿಡಿಯುತ್ತದೆ. ನಾನು ಇದನ್ನೇ ಅಡುಗೆ ಮನೆಯ ಸೌಟಿಗೂ ಹಾಕಿದ್ದೇನೆ.

ಟ್ರಿಗರ್ ಒತ್ತುವ ಸ್ಪ್ರೇ ಬಾಟಲಿ ತರಲೇಬೇಡಿ. ಇಪ್ಪತ್ತು ಸಲ ಒತ್ತಿದರೆ ಹೆಬ್ಬೆರಳ ಬುಡ ಉರಿಯುತ್ತದೆ. ಮೊದಲೇ ಪಂಪ್ ಮಾಡಿ ಗುಂಡಿ ಅದುಮಿ ಹಿಡಿಯುವಂಥದ್ದು ಸಿಗುತ್ತದೆ, ಅದನ್ನು ತನ್ನಿ. ಹೂವನ್ನು ಉಗುರಿನಿಂದ ಚಿವುಟುವ ಬದಲು ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಬಳಸಿ. ಕುಂಡ ಎತ್ತುವಾಗ ಬೆರಳಿಂದ ಅಂಚು ಹಿಡಿಯಬೇಡಿ, ಎರಡೂ ಮುಂಗೈ ಕೆಳಗೆ ಕೊಟ್ಟು ಎದೆಗೆ ಒರಗಿಸಿ, ಮಗುವನ್ನು ಎತ್ತುವ ಹಾಗೆ.

ಹಂತ 5: ಹಗುರ ಮಣ್ಣು

ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಎರಡು ಪಾಲು. ಎರೆಗೊಬ್ಬರ ಅಥವಾ ಹಳೇ ಕೊಟ್ಟಿಗೆ ಗೊಬ್ಬರ ಎರಡು ಪಾಲು. ಕೆಂಪು ಮಣ್ಣು ಒಂದು ಪಾಲು. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಇಲ್ಲಿನ ನರ್ಸರಿಯಲ್ಲಿ ಎರೆಗೊಬ್ಬರಕ್ಕೆ ಗಾಂಡೂಳ್ ಖತ, ಕೊಟ್ಟಿಗೆ ಗೊಬ್ಬರಕ್ಕೆ ಶೇಣ್‌ಖತ ಅಂತ ಕೇಳಿದರೆ ಕೊಡುತ್ತಾರೆ. 5 ಕಿಲೋ ಕೊಕೊಪೀಟ್ ಇಟ್ಟಿಗೆ ನೀರಲ್ಲಿ ನೆನೆದರೆ 70 ಲೀಟರ್ ಹತ್ತಿರ ಉಬ್ಬುತ್ತದೆ, ಆದ್ದರಿಂದ ದೊಡ್ಡ ಬಕೆಟ್ಟಿನಲ್ಲೂ ಹಿಡಿಯದು. ಸಣ್ಣ ಇಟ್ಟಿಗೆ ತನ್ನಿ. ನೆನೆಸಿದ ನೀರನ್ನು ಒಮ್ಮೆ ಚೆಲ್ಲಿ, ಅದರಲ್ಲಿ ಉಪ್ಪು ಇರುತ್ತದೆ.

ಗೊಬ್ಬರದ ಚೀಲ ಬಿಚ್ಚುವಾಗ ಮುಖವನ್ನು ಚೀಲದ ಬಾಯಿಯ ಹತ್ತಿರ ಒಯ್ಯಬೇಡಿ. ಮಾಸ್ಕ್ ಹಾಕಿ, ಮೊದಲು ನೀರು ಚಿಮುಕಿಸಿ, ಆಮೇಲೆ ಕಲಸಿ. ಗೊಬ್ಬರ ಮಿಶ್ರಣದ ಧೂಳಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆಸ್ಟ್ರೇಲಿಯಾದಲ್ಲಿ ಇಂಥ ಚೀಲಗಳ ಮೇಲೆಯೇ ಎಚ್ಚರಿಕೆ ಮುದ್ರಿಸುತ್ತಾರೆ. ಶ್ವಾಸಕೋಶ ದುರ್ಬಲ ಇರುವವರು ಕಲಸುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಟ್ಟುಕೊಡಿ, ಅದರಲ್ಲಿ ಸಂಕೋಚ ಏನೂ ಬೇಡ.

ಹಂತ 6: ಮೊದಲ ಬೆಳೆ ಮೆಂತ್ಯವೇ ಆಗಲಿ

ಮುಂಬೈ ಮಾರ್ಕೆಟ್ಟಿನಲ್ಲಿ ಬಿಳಿ ಬೇರು ಸಮೇತ, ಬೆರಳುದ್ದದ ಪುಟ್ಟ ಕಟ್ಟು ಸೊಪ್ಪು ಮಾರುತ್ತಾರೆ ನೋಡಿ, ಸಮುದ್ರ ಮೇಥಿ ಅಂತ. ಮರಳಲ್ಲಿ ಬೆಳೆಸಿದ ಎಳೆ ಮೆಂತ್ಯ ಅದು. ಅದನ್ನೇ ಮನೆಯಲ್ಲಿ ಮಾಡಬಹುದು. ಅಡುಗೆ ಮನೆಯ ಮೆಂತ್ಯ ಎರಡು ಚಮಚ ರಾತ್ರಿ ನೆನೆಹಾಕಿ. ಬೆಳಿಗ್ಗೆ ಮೂರು ಇಂಚು ಆಳದ ಟ್ರೇಗೆ, ಸ್ವೀಟ್ ಡಬ್ಬಿಯಾದರೂ ಸರಿ, ಕೆಳಗೆ ತೂತು ಮಾಡಿ ಮಣ್ಣು ತುಂಬಿ, ಕಾಳನ್ನು ಒತ್ತೊತ್ತಾಗಿ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಮಣ್ಣು ಮೆಲ್ಲಗೆ ಬಿರಿಯುತ್ತದೆ. ಬಗ್ಗಿದ ಕುತ್ತಿಗೆಯ ಹಾಗೆ ದಂಟು ಮೇಲೆ ಬರುತ್ತದೆ, ತಲೆಯ ಮೇಲೆ ಇನ್ನೂ ಕಾಳಿನ ಸಿಪ್ಪೆ ಟೋಪಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ನೇರ ಆಗಿ ಟೋಪಿ ಬಿದ್ದಿರುತ್ತದೆ. ಅತ್ತೆ ಅದನ್ನು ನೋಡಲು ದಿನಕ್ಕೆ ಐದು ಸಲ ಹೋಗುತ್ತಿದ್ದರು. ಮೊಣಕಾಲು ನೋವು ಅಂತ ಟಿವಿ ಮುಂದಿನಿಂದ ಏಳದವರು.

ಹದಿನೈದು ದಿನದೊಳಗೆ ಕತ್ತರಿಸಬಹುದು. ಮೊದಲ ಬೆಳೆ ಬೇಗ ಕೈಗೆ ಬರುವುದು ತುಂಬಾ ಮುಖ್ಯ, ಯಾಕೆಂದರೆ ನಮ್ಮ ಕಾಯಿಲೆಯಲ್ಲಿ ಯಾವುದೂ ಬೇಗ ಫಲ ಕೊಡುವುದಿಲ್ಲ.

ಹಂತ 7: ಹತ್ತು ನಿಮಿಷ, ಮತ್ತು ಎರಡು ಗಂಟೆಯ ಲೆಕ್ಕ

ಮೊಬೈಲಿನಲ್ಲಿ 10 ನಿಮಿಷದ ಅಲಾರಂ ಇಟ್ಟು ಶುರು ಮಾಡಿ. ಹೊಡೆದ ತಕ್ಷಣ ನಿಲ್ಲಿಸಿ, ಕೆಲಸ ಅರ್ಧ ಆಗಿದ್ದರೂ. ಆಯಾಸ ಆದ ಮೇಲೆ ನಿಲ್ಲಿಸುವುದಲ್ಲ, ಆಗುವ ಮೊದಲೇ ನಿಲ್ಲಿಸಬೇಕು. ಇದು ಹೇಳಲು ಸುಲಭ, ಮಾಡಲು ನನಗೆ ಒಂದು ವರ್ಷ ಬೇಕಾಯಿತು, ಯಾಕೆಂದರೆ ಚೆನ್ನಾಗಿರುವ ದಿನ ಎಲ್ಲವನ್ನೂ ಮುಗಿಸಿಬಿಡುವ ಆಸೆ ಬರುತ್ತದೆ, ಆಮೇಲೆ ಮೂರು ದಿನ ಮಲಗುತ್ತೇವೆ, ಮತ್ತೆ ಚೆನ್ನಾದ ದಿನ ಅದೇ ಕತೆ.

ಎಷ್ಟು ಮಾಡಿದರೆ ಸರಿ ಅಂತ ತಿಳಿಯಲು ಗಂಟು ನೋವಿನವರಿಗೆ ಒಂದು ಲೆಕ್ಕ ಇದೆ. ಕೆಲಸ ಮುಗಿಸಿ ಎರಡು ಗಂಟೆ ಆದ ಮೇಲೂ ಮೊದಲಿಗಿಂತ ನೋವು ಜಾಸ್ತಿ ಇದ್ದರೆ, ಅವತ್ತು ಮಾಡಿದ್ದು ಹೆಚ್ಚಾಯಿತು. ಮುಂದಿನ ಸಲ ಹೊತ್ತು ಕಡಿಮೆ ಮಾಡಿ. ಎರಡು ವಾರ ಆರಾಮ ಇದ್ದರೆ ಎರಡು ನಿಮಿಷ ಸೇರಿಸಿ. ನಾನು ಈಗ 25 ನಿಮಿಷಕ್ಕೆ ಬಂದಿದ್ದೇನೆ, ಅದೂ ಮಧ್ಯೆ ಒಮ್ಮೆ ಕೂತು. ಒಂದೇ ಬಗೆಯ ಕೆಲಸ ಬೇಡ: ಸ್ವಲ್ಪ ನೀರು, ಸ್ವಲ್ಪ ಕತ್ತರಿಸುವುದು, ಸ್ವಲ್ಪ ಕೂತು ಬೀಜ ಹಾಕುವುದು.

ಹಂತ 8: ನೀರು, ಮಳೆ, ಸೊಳ್ಳೆ

ಒಂದು ಲೀಟರ್ ನೀರು ಒಂದು ಕಿಲೋ. ದೊಡ್ಡ ಕ್ಯಾನ್ ಹೊರುವ ಬದಲು ಅರ್ಧ ಲೀಟರಿನ ಲೋಟದಲ್ಲಿ ನಾಲ್ಕು ಸಲ ಓಡಾಡಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಜೂನ್ ಎರಡನೇ ವಾರದ ಹೊತ್ತಿಗೆ ಮುಂಬೈಗೆ ಮಳೆ ಬರುತ್ತದೆ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ 2000 ಮಿಲಿಮೀಟರಿಗೂ ಜಾಸ್ತಿ ಸುರಿದಿರುತ್ತದೆ. ಆಗ ಕೊಕೊಪೀಟ್ ಜಾಸ್ತಿ ಇದ್ದ ಕುಂಡದಲ್ಲಿ ಬೇರು ಕೊಳೆಯುತ್ತದೆ. ಮೇ ತಿಂಗಳಲ್ಲೇ ಸ್ವಲ್ಪ ಭತ್ತದ ಹೊಟ್ಟು ಬೆರೆಸಿ, ಕುಂಡಗಳನ್ನು ಒಳಕ್ಕೆ ಸರಿಸಿ. ಗ್ಯಾಲರಿ ನೆಲ ಪಾಚಿ ಕಟ್ಟುತ್ತದೆ, ಮೂಳೆ ಸವೆದವರು ಅಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ರಬ್ಬರ್ ಮ್ಯಾಟ್ ಹಾಸಿ. ಮಳೆ ಜೋರಾದ ದಿನ ಹೋಗಲೇಬೇಡಿ.

ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು. ಡೆಂಗಿ ತರುವ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಚೆಲ್ಲಿದರೆ ಮಾತ್ರ ಸಾಲದು, ತಟ್ಟೆಯನ್ನು ಬ್ರಷ್ ಹಾಕಿ ಉಜ್ಜಿ, ಯಾಕೆಂದರೆ ಅಂಚಿಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮಲ್ಲಿ ಶನಿವಾರ ತಟ್ಟೆಯ ದಿನ. ಮನಿಪ್ಲಾಂಟ್ ಬಾಟಲಿಯ ನೀರೂ ಅದೇ ದಿನ ಬದಲು.

ಹಂತ 9: ಮುಂದೆ ಏನು ಬೆಳೆಸಬಹುದು, ಯಾರು ಏನು ತಿನ್ನುವ ಮೊದಲು ಕೇಳಬೇಕು

ದೊಡ್ಡಪತ್ರೆ, ಇಲ್ಲಿ ಪಾನ್ ಓವಾ ಅನ್ನುತ್ತಾರೆ, ಒಂದು ಕಡ್ಡಿ ಚುಚ್ಚಿದರೆ ಬರುತ್ತದೆ. ಮರೆತರೂ ಸಾಯುವುದಿಲ್ಲ. ತಂಬುಳಿಗೆ ಆರು ಎಲೆ ಸಾಕು. ನಿಂಬೆ ಹುಲ್ಲಿಗೆ ಗವತಿ ಚಹಾ ಅಂತ ಕೇಳಿ. ಬಸಳೆ ಇಲ್ಲಿ ಮಯಾಳು ಅಂತ ಸಿಗುತ್ತದೆ, ಆದರೆ ನಮ್ಮದು ಉಡುಪಿಯಿಂದ ಮತ್ಸ್ಯಗಂಧ ರೈಲಿನಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡು ಬಂದ ಬಳ್ಳಿ. ತುಳಸಿ, ಒಂದೆಲಗ, ಮೊಗ್ಗು ಮಲ್ಲಿಗೆ, ಇವೆಲ್ಲ ಸಣ್ಣ ಕುಂಡಕ್ಕೆ ಸರಿ. ಕಣಗಿಲೆ ಮಾತ್ರ ಬೇಡ, ಅದರ ಎಲೆ, ಹೂವು ಎಲ್ಲವೂ ಹೃದಯಕ್ಕೆ ವಿಷ.

ಸೊಪ್ಪು ಒಳ್ಳೆಯದು ಅಂತ ಎಲ್ಲರೂ ಎಲ್ಲವನ್ನೂ ತಿನ್ನುವ ಹಾಗಿಲ್ಲ. ಕಿಡ್ನಿ ತೊಂದರೆ ಇರುವವರಿಗೆ ಪಾಲಕ್, ಹರಿವೆ, ನುಗ್ಗೆ ಸೊಪ್ಪಿನ ಪೊಟ್ಯಾಸಿಯಂ ಹೆಚ್ಚಾಗಬಹುದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಹಸಿರು ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡಬಾರದು, ಅದರ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ನಿಮ್ಮ ಡಾಕ್ಟರ್ ಹತ್ತಿರ ಅಳತೆ ಕೇಳಿ, ಉಳಿದದ್ದನ್ನು ಪಕ್ಕದ ಮನೆಗೆ ಕೊಡಿ.

ಹಂತ 10: ಕೆಟ್ಟ ದಿನಕ್ಕೆ ಮೊದಲೇ ತಯಾರಿ

ಏಳಲಾಗದ ದಿನ ಬಂದೇ ಬರುತ್ತದೆ. ಆ ದಿನ ತೋಟ ಹೊರೆ ಆಗಬಾರದು. ಒಂದು ಲೀಟರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಎರಡು ತೂತು ಮಾಡಿ, ನೀರು ತುಂಬಿ ತಲೆಕೆಳಗಾಗಿ ಕುಂಡಕ್ಕೆ ಚುಚ್ಚಿಟ್ಟರೆ ನಿಧಾನಕ್ಕೆ ಇಳಿಯುತ್ತದೆ. ನಾನು ಇಂಥ ನಾಲ್ಕು ಬಾಟಲಿ ತುಂಬಿಯೇ ಇಟ್ಟಿರುತ್ತೇನೆ, ಮಗ ಕಾಲೇಜಿಗೆ ಹೋಗುವ ಮೊದಲು ಚುಚ್ಚಿ ಹೋಗುತ್ತಾನೆ. ದೊಡ್ಡಪತ್ರೆಯ ಒಂದು ಪುಟ್ಟ ಕುಂಡ ಹಾಸಿಗೆ ಪಕ್ಕದ ಕಿಟಕಿಯಲ್ಲಿದೆ. ಆ ದಿನಗಳಲ್ಲಿ ನನ್ನ ತೋಟದ ಕೆಲಸ ಅಂದರೆ ಅದರ ಒಂದು ಎಲೆಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸುವುದು ಮಾತ್ರ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಯುತ್ತೇನೆ: "ಮಂಗಳವಾರ. ಒಂದು ಎಲೆ."

ಆ ನೋಟ್‌ಬುಕ್ಕನ್ನು ಡಾಕ್ಟರ್ ಹತ್ತಿರ ಹೋಗುವಾಗ ಒಯ್ಯಿರಿ. ಮೂರು ತಿಂಗಳಲ್ಲಿ ಎಷ್ಟು ದಿನ 25 ನಿಮಿಷ, ಎಷ್ಟು ದಿನ ಐದು, ಎಷ್ಟು ದಿನ ಒಂದೇ ಎಲೆ ಅಂತ ಅದರಲ್ಲಿ ಇರುತ್ತದೆ. "ಹೇಗಿದ್ದೀರಿ?" ಅಂದಾಗ "ಪರವಾಗಿಲ್ಲ" ಅನ್ನುವುದಕ್ಕಿಂತ ಇದು ಅವರಿಗೆ ಜಾಸ್ತಿ ಹೇಳುತ್ತದೆ. ಕಳೆದ ಸಲ ನನ್ನ ಡಾಕ್ಟರ್ ಪುಟ ತಿರುವಿ ನೋಡಿ, ಆಗಸ್ಟಿನಲ್ಲಿ ಐದು ನಿಮಿಷದ ದಿನಗಳೇ ಸಾಲಾಗಿ ಇದ್ದದ್ದನ್ನು ಬೆರಳಿಟ್ಟು ತೋರಿಸಿ, ರಕ್ತ ಪರೀಕ್ಷೆ ಬರೆದರು.